ಕಪ್ಪತಗುಡ್ಡದಿಂದ ಚೌರಂಗಿಗೆ

ಊರಿನಿಂದ ನೆಂಟರು ಬಂದಾಗ ನಾವು ಅವರನ್ನು ಕರೆದೊಯ್ಯುವ ಸ್ಥಳಗಳು ಇಲ್ಲಿನ ಎಲ್ಲ ಕನ್ನಡ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಕಾಳೀಘಾಟ್, ದಕ್ಷಿಣೇಶ್ವರ, ಬೇಲೂರು ಮಠ, ವಿಕ್ಟೋರಿಯಾ ಸ್ಮಾರಕ. ಕಡೆಗೆ ಬಂಗಾಳಿಗಳು ‘ಜಾದೂಘರ್’ ಎಂದು ಕರೆಯುವ ಚೌರಂಗಿಯ ಇಂಡಿಯನ್ ಮ್ಯೂಸಿಯಂ. ಅಲ್ಲಿ ಮಕ್ಕಳಿಗೆ ಈಜಿಪ್ಟಿನ ಮಮ್ಮಿಯನ್ನು ನೋಡುವ ಆತುರ, ಹಿರಿಯರಿಗೆ ಭಾರ್ಹುತದ ಶಿಲ್ಪಗಳನ್ನು ನೋಡುವ ಆಸೆ. ನಡುವೆ ಭೂವಿಜ್ಞಾನದ ಕೋಣೆ ಎದುರಾದರೆ, “ಕಲ್ಲು ನೋಡೋಕೆ ಕಲ್ಕತ್ತೆಗೆ ಬರಬೇಕಾ? ನಮ್ಮೂರಲ್ಲೇ ಬೇಕಾದಷ್ಟಿದೆಯಲ್ಲ!” ಎಂದು ನಗುತ್ತ ದಾಟಿಬಿಡುತ್ತೇವೆ.

ಮಾತೇನೋ ನಿಜ. ಆದರೆ ನಮ್ಮೂರಿನ ಕಲ್ಲನ್ನು ಓದಿ ಅದರ ಅರ್ಥವನ್ನು ಬಿಡಿಸಿ ಹೇಳಿದ ಬರಹಗಳು ಅಚ್ಚಾದದ್ದು ಈ ಊರಿನಲ್ಲಿ. ಮ್ಯೂಸಿಯಂಗೆ ಅಂಟಿಕೊಂಡಂತೆಯೇ, 27 ನೆಯ ನಂಬರಿನಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಕೇಂದ್ರ ಕಚೇರಿ ಇದೆ. 1851 ರಲ್ಲಿ ಥಾಮಸ್ ಓಲ್ಡ್‌ಹ್ಯಾಮ್ ಎಂಬಾತ ಕಲ್ಕತ್ತೆಗೆ ಬಂದಿಳಿದು ಈ ಕೆಲಸಕ್ಕೆ ಬುನಾದಿ ಹಾಕಿದ. ಕಲ್ಲಿದ್ದಲನ್ನು ಹುಡುಕುವುದೇ ಅಂದಿನ ಮುಖ್ಯ ಉದ್ದೇಶ. ರೈಲು ಓಡಬೇಕಿತ್ತು, ಸರ್ಕಾರಕ್ಕೆ ಇದ್ದಲು ಬೇಕಿತ್ತು. 1868 ರಿಂದ ಸಂಸ್ಥೆಯ ‘ರೆಕಾರ್ಡ್ಸ್’ ಎಂಬ ನಿಯತಕಾಲಿಕೆ ಹೊರಬರತೊಡಗಿತು. ಅದರ 1874 ರ ಸಂಪುಟದಲ್ಲಿ ಧಾರವಾಡ ಜಿಲ್ಲೆಯ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತ ಒಂದು ಲೇಖನವಿದೆ. ಬರೆದವನು ರಾಬರ್ಟ್ ಬ್ರೂಸ್ ಫೂಟ್. ಡಂಬಳ ಗುಡ್ಡವೆಂದರೆ ಬೇರೆ ಯಾವುದೂ ಅಲ್ಲ, ಇಂದಿನ ಗದಗ ಜಿಲ್ಲೆಯ ನಮ್ಮ ಕಪ್ಪತಗುಡ್ಡವೇ.

ಜಾಲಗಾರರ ಮರಿಗೆ

ಫೂಟ್ ಕಪ್ಪತಗುಡ್ಡಕ್ಕೆ ಬರುವ ಮೊದಲೇ ಆ ಸೀಮೆಯಲ್ಲಿ ಚಿನ್ನವನ್ನು ಬಲ್ಲವರಿದ್ದರು. ಅವರೇ ಜಾಲಗಾರರು. ಮಳೆ ಬಿದ್ದು ಹಳ್ಳ ಹರಿದು ಇಳಿದ ಮೇಲೆ, ಸೊರಟೂರು, ಡೋಣಿಗಳ ಕಡೆಯ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತೊಳೆದು, ತಳದಲ್ಲಿ ಉಳಿದ ಕರಿಯ ಮರಳಿನೊಳಗಿಂದ ಹಳದಿಯ ಕಣಗಳನ್ನು ಆಯುವುದು ಅವರ ಕಸುಬು. ದಿನವೆಲ್ಲ ನೀರಿನಲ್ಲಿ ನಿಂತರೆ ಕೂಲಿ ಗಿಟ್ಟುವಷ್ಟು ಸಿಕ್ಕೀತು, ಸಿಗದೆಯೂ ಹೋದೀತು. ಯಾವ ಹಳ್ಳದಲ್ಲಿ ಚಿನ್ನವುಂಟು, ಯಾವುದರಲ್ಲಿ ಇಲ್ಲ ಎಂಬುದು ಅವರಿಗೆ ತಂದೆಯಿಂದ ಮಗನಿಗೆ ಬಂದ ವಿದ್ಯೆ.

ಫೂಟ್ ಮಾಡಿದ್ದು ಅದೇ ವಿದ್ಯೆಯ ಮುಂದಿನ ಪಾಠ. ಹಳ್ಳದ ಮರಳಿಗೆ ಚಿನ್ನ ಬಂದದ್ದು ಎಲ್ಲಿಂದ ಎಂದು ಹಳ್ಳ ಹಿಡಿದು ಮೇಲಕ್ಕೆ ನಡೆದ. ಗುಡ್ಡದಲ್ಲಿ ಬೆಣಚುಕಲ್ಲಿನ ಬಿಳಿಯ ಪಟ್ಟೆಗಳನ್ನೂ ಅವುಗಳ ಸುತ್ತಲಿನ ಹಸಿರು ಛಾಯೆಯ ಶಿಲೆಗಳನ್ನೂ ಗುರುತುಹಾಕಿದ. ಮುಂದೆ, 1880 ರ ದಶಕದಲ್ಲಿ, ಮೈಸೂರು, ಬಳ್ಳಾರಿ, ರಾಯಚೂರುಗಳಲ್ಲಿ ಹಬ್ಬಿರುವ ಇಂಥ ಶಿಲೆಗಳಿಗೆಲ್ಲ ‘ಧಾರವಾಡ’ ಶಿಲಾಸಮೂಹವೆಂದು ಹೆಸರಿಟ್ಟ. ಇಂದು ಜಗತ್ತಿನ ಯಾವ ಮೂಲೆಯ ಭೂವಿಜ್ಞಾನದ ವಿದ್ಯಾರ್ಥಿಯೂ ಧಾರವಾಡದ ಹೆಸರನ್ನು ಕೇಳಿರುತ್ತಾನೆ. ಪೇಡೆಗೂ ಸಂಗೀತಕ್ಕೂ ಹೆಸರಾದ ಊರು ಕಲ್ಲಿನಿಂದಲೂ ಹೆಸರಾಗಿದೆ ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ತಿಳಿದಿದೆ?

ನೀರು ತಂದ ಬಂಗಾರ

ಬೆಣಚುಕಲ್ಲಿನೊಳಗೆ ಚಿನ್ನ ಸೇರಿದ್ದು ಹೇಗೆ? ಇದಕ್ಕೆ ಉತ್ತರ ನಮ್ಮ ಬಚ್ಚಲುಮನೆಯಲ್ಲೇ ಇದೆ. ಗಡಸು ನೀರನ್ನು ದಿನವೂ ಕಾಯಿಸಿದ ಹಂಡೆಯ ಒಳಮೈಗೆ ಬಿಳಿಯ ಪೊರೆಯೊಂದು ಕಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ನೀರಿನಲ್ಲಿ ಕಾಣದಂತೆ ಕರಗಿದ್ದ ಸುಣ್ಣದ ಅಂಶ, ನೀರಿನ ಸ್ಥಿತಿ ಬದಲಾದಾಗ ಹೊರಬಿದ್ದು ಅಂಟಿಕೊಳ್ಳುತ್ತದೆ. ಭೂಮಿಯ ಆಳದಲ್ಲಿ ನಡೆಯುವುದೂ ಇಂಥದೇ ಕೆಲಸ, ಪ್ರಮಾಣ ಮಾತ್ರ ದೊಡ್ಡದು. ಅಲ್ಲಿ ಮೇಲಿನ ಒತ್ತಡದಿಂದಾಗಿ ನೀರು 300 ಡಿಗ್ರಿ ದಾಟಿದರೂ ಆವಿಯಾಗಿ ಹಾರಿಹೋಗಲಾರದು. ಆ ಬಿಸಿಯಲ್ಲಿ ಅದು ಬೆಣಚುಕಲ್ಲಿನ ಸಿಲಿಕವನ್ನೂ ಕರಗಿಸಿಕೊಳ್ಳುತ್ತದೆ, ಚಿನ್ನವನ್ನೂ ಹೊತ್ತು ಸಾಗುತ್ತದೆ. ಬೀರಭೂಮಿಯ ಬಕ್ರೇಶ್ವರದಲ್ಲಿ ಬಿಸಿನೀರಿನ ಕುಂಡಗಳನ್ನು ಕಂಡವರಿಗೂ, ಪುತ್ತೂರಿನ ಬಳಿಯ ಬೆಂದ್ರುತೀರ್ಥದಲ್ಲಿ ಮಿಂದವರಿಗೂ ನೆಲದೊಳಗಿನ ಬಿಸಿನೀರು ಹೊಸ ಸಂಗತಿಯಲ್ಲ.

ಚಿನ್ನ ಒಂಟಿಯಾಗಿ ನೀರಿನಲ್ಲಿ ಕರಗದು. ಅದಕ್ಕೆ ಜೊತೆಗಾರ ಬೇಕು. ನಮ್ಮ ಧಾರವಾಡ ಶಿಲೆಗಳ ಚಿನ್ನಕ್ಕೆ ಆ ಜೊತೆಗಾರ ಗಂಧಕ. ಇಬ್ಬರೂ ಕೂಡಿ ಬಿರುಕುಗಳ ದಾರಿಯಲ್ಲಿ ಮೇಲೇರುತ್ತಾರೆ. ದಾರಿಯಲ್ಲಿ ಎದುರಾಗುವುದು ಕಬ್ಬಿಣದ ಅಂಶ ಹೇರಳವಾಗಿರುವ ಹಳೆಯ ಲಾವಾಶಿಲೆ. ಗಂಧಕಕ್ಕೆ ಕಬ್ಬಿಣವೆಂದರೆ ಬಲು ಒಲವು. ಅದು ಚಿನ್ನದ ಕೈಬಿಟ್ಟು ಕಬ್ಬಿಣದ ಜೊತೆಗೂಡಿ ಪೈರೈಟ್ ಎಂಬ ಖನಿಜವಾಗುತ್ತದೆ. ಕೈಬಿಟ್ಟ ಚಿನ್ನ ಅಲ್ಲೇ ಬೆಣಚುಕಲ್ಲಿನಲ್ಲಿ ಉಳಿಯುತ್ತದೆ.

ಬಿಸಿನೀರು ತಾನು ಹಾದ ಕಲ್ಲನ್ನೂ ಮೊದಲಿನಂತೆ ಬಿಡುವುದಿಲ್ಲ. ಕಪ್ಪು ಲಾವಾಶಿಲೆಯ ಖನಿಜಗಳು ಹಸಿರು ಕ್ಲೋರೈಟ್ ಆಗಿಯೋ, ಕರಿಯ ಕಾಗೆಬಂಗಾರವಾಗಿಯೋ ಮಾರ್ಪಡುತ್ತವೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಎಳೆಯ ಪಕ್ಕದಲ್ಲೇ ಕರಿಯ ಕಾಗೆಬಂಗಾರದ ಅಂಚಿದೆ. ಅದರಾಚೆ ಕ್ಲೋರೈಟಿನ ಹಸಿರು. ಚಿನ್ನ ಕಣ್ಣಿಗೆ ಬೀಳದಿದ್ದರೂ ಈ ಅಂಚು ಬೀಳುತ್ತದೆ. ಸೀರೆಯ ಸೆರಗು ಕಂಡರೆ ಒಡಲು ಎತ್ತ ಇದೆಯೆಂದು ಹೇಳಬಹುದಷ್ಟೆ? ಹಾಗೆಯೇ ಮಾರ್ಪಟ್ಟ ಕಲ್ಲನ್ನು ಕಂಡು ಅದಿರು ಎತ್ತ ಇದೆಯೆಂದು ಹೇಳುವುದು ಭೂವಿಜ್ಞಾನಿಯ ಕೆಲಸ.

ಬೆಂಕಿಯಿಂದ ತೆಗೆದವರು

ಹಟ್ಟಿಯ ಕಥೆ ಬಹಳ ಹಳೆಯದು. ಅಲ್ಲಿನ ಪುರಾತನ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಸಿಡಿಮದ್ದು ಇಲ್ಲದ ಕಾಲದಲ್ಲಿ ಆ ಜನ ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದು, ಬಿರುಕುಬಿಟ್ಟ ಕಲ್ಲನ್ನು ಕಿತ್ತು, ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಭೂಮಿ ಬೆಂಕಿ ನೀರುಗಳಿಂದ ಒಳಗಿಟ್ಟದ್ದನ್ನು ಅವರು ಬೆಂಕಿ ನೀರುಗಳಿಂದಲೇ ಹೊರತೆಗೆದರು. ಅದೇ ಸೀಮೆಯ ಮಸ್ಕಿಯಲ್ಲಿ 1915 ರಲ್ಲಿ ಒಂದು ಶಿಲಾಶಾಸನ ಪತ್ತೆಯಾಯಿತು. ಅದುವರೆಗೆ ‘ದೇವಾನಾಂಪ್ರಿಯ’ ಎಂದಷ್ಟೇ ತಿಳಿದಿದ್ದ ದೊರೆಯ ಹೆಸರು ಅಶೋಕನೆಂದು ಸಾರಿದ ಶಾಸನವದು. ಅದನ್ನು ಕಂಡುಹಿಡಿದ ಸಿ. ಬೀಡನ್ ಪಂಡಿತನಲ್ಲ, ಚಿನ್ನದ ಗಣಿಯ ಇಂಜಿನಿಯರ್. ಬಂಗಾರವನ್ನು ಹುಡುಕಿ ಹೊರಟವನಿಗೆ ಇತಿಹಾಸ ಸಿಕ್ಕಿತು.

ಕೋಲಾರದ ಕಥೆ ನಮಗೆಲ್ಲ ಹೆಚ್ಚು ಪರಿಚಿತ. 1802 ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್, ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ಕಂಡ. 1870 ರ ದಶಕದಲ್ಲಿ ನಿವೃತ್ತ ಸೈನಿಕ ಲಾವೆಲ್ ಗಣಿ ತೋಡಲು ಅನುಮತಿ ಪಡೆದ. ಬೆಂಗಳೂರಿನ ಲಾವೆಲ್ ರಸ್ತೆ ಅವನ ಹೆಸರಿನದೇ. 1880 ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ. ಹಳಬರು ಬಿಟ್ಟುಹೋದ ಗುಂಡಿಗಳ ಕೆಳಗೇ ಚಾಂಪಿಯನ್ ಎಂಬ ಹೆಸರಾಂತ ಬೆಣಚುಕಲ್ಲಿನ ಎಳೆ ಸಿಕ್ಕಿತು. 1902 ರಲ್ಲಿ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ವಿದ್ಯುತ್ತಿನ ತಂತಿ ಎಳೆದದ್ದು ಈ ಗಣಿಗಳಿಗಾಗಿಯೇ. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ನೂರಿಪ್ಪತ್ತು ವರ್ಷಗಳಲ್ಲಿ ಬಂದ ಚಿನ್ನ ಸುಮಾರು 800 ಟನ್.

ಅಷ್ಟು ಚಿನ್ನಕ್ಕೆ ತೆತ್ತ ಬೆಲೆಯನ್ನೂ ಹೇಳದಿದ್ದರೆ ಇತಿಹಾಸ ಅರ್ಧವಾದೀತು. ಚಿನ್ನವನ್ನು ಹಿಡಿದಿಟ್ಟ ಬೆಣಚುಕಲ್ಲೇ ಕೊರೆದಾಗ ನುಣ್ಣನೆಯ ದೂಳಾಗಿ ಕೆಲಸಗಾರನ ಶ್ವಾಸಕೋಶವನ್ನು ಸೇರುತ್ತಿತ್ತು. 1940 ರ ದಶಕದಲ್ಲಿ ಅಲ್ಲಿನ ಏಳು ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಮಿಕ್ಕಿದವರಲ್ಲಿ ಸಿಲಿಕೋಸಿಸ್ ರೋಗ ಕಂಡುಬಂದಿತು. ಆಳದ ಒತ್ತಡಕ್ಕೆ ಬಂಡೆ ಸಿಡಿದು ಸತ್ತವರು ಬೇರೆ. ತಮಿಳು, ತೆಲುಗು, ಕನ್ನಡ ಎನ್ನದೆ ಎಲ್ಲ ಮಾತಿನ ಬಡವರೂ ಆ ಆಳಕ್ಕೆ ಇಳಿದರು. ನಮ್ಮ ಮನೆಗಳ ತಾಳಿ, ಬಳೆಗಳಲ್ಲಿ ಅವರ ಉಸಿರೂ ಬೆರೆತಿದೆ ಎಂದರೆ ಅತಿಶಯೋಕ್ತಿಯಾಗಲಾರದು.

1956 ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. 1962 ರಲ್ಲಿ ಕೇಂದ್ರಕ್ಕೆ ಸೇರಿದವು. ಆಳ ಹೆಚ್ಚಿದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನ ಇಳಿಯಿತು. ನಾವಿರುವ ಊರು ಕೋಲ್ಕತ್ತ ಎಂಬ ಹೆಸರನ್ನು ಪಡೆದ 2001 ರಲ್ಲೇ, ಫೆಬ್ರವರಿ 28 ರಂದು, ಕೋಲಾರದ ಗಣಿಗಳು ಮುಚ್ಚಿದವು. ಹಟ್ಟಿ ಮಾತ್ರ ಇಂದಿಗೂ ನಡೆಯುತ್ತಿದೆ.

ತಾಮ್ರದ ಜೊತೆಗಿನ ಚಿನ್ನ

ಚಿನ್ನಕ್ಕೆ ಇನ್ನೊಂದು ಬಗೆಯ ಮನೆಯೂ ಉಂಟು. ಅಲ್ಲಿ ಅದು ತಾಮ್ರದ ಜೊತೆ ವಾಸಿಸುತ್ತದೆ. ಆ ಶಿಲೆಗೆ ಪಾರ್ಫಿರಿ ಎಂದು ಹೆಸರು. ಕೇಸರಿಬಾತಿನ ನಡುವೆ ಗೋಡಂಬಿ ಕಾಣುವಂತೆ ನುಣುಪಾದ ಕಲ್ಲಿನ ನಡುವೆ ದಪ್ಪ ಹರಳುಗಳು ಕಾಣುವುದು ಅದರ ಲಕ್ಷಣ. ಇದು ಜ್ವಾಲಾಮುಖಿಗಳ ಕೆಳಗೆ ಕೆಲವೇ ಕಿಲೋಮೀಟರ್ ಆಳದಲ್ಲಿ ರೂಪುಗೊಳ್ಳುತ್ತದೆ. ಜಗತ್ತಿನ ತಾಮ್ರದಲ್ಲಿ ಮುಕ್ಕಾಲು ಪಾಲು ಬರುವುದು ಇಂಥ ಅದಿರಿನಿಂದ. ಚಿನ್ನದಲ್ಲೂ ಸುಮಾರು ಐದನೆಯ ಒಂದು ಪಾಲು. ಇಂಡೋನೇಷ್ಯದ ಗ್ರಾಸ್‌ಬರ್ಗ್ ಗಣಿ ಈ ಜಾತಿಯದು.

ಇಲ್ಲಿಯೂ ಬಿಸಿನೀರು ಕಲ್ಲಿಗೆ ಬಣ್ಣ ಬಳಿಯುತ್ತದೆ, ಅದೂ ಒಂದು ಕ್ರಮದಲ್ಲಿ. ನಡುವೆ ಗುಲಾಬಿ ಫೆಲ್ಡ್‌ಸ್ಪಾರ್, ಕರಿಯ ಕಾಗೆಬಂಗಾರ. ಚಿನ್ನ ಹೆಚ್ಚಿರುವ ಕಡೆ ಅಯಸ್ಕಾಂತಕ್ಕೆ ಅಂಟುವ ಮ್ಯಾಗ್ನಟೈಟ್ ಕೂಡ ಹೇರಳ. ಅದರ ಸುತ್ತ ಬಿಳಿಯ ಕಾಗೆಬಂಗಾರ, ಪೈರೈಟ್. ಹೊರಗಡೆ ಹಸಿರು. ಅಮೆರಿಕದ ಅರಿಜೋನಾದಲ್ಲಿ ಇಂಥ ಅದಿರೊಂದನ್ನು ಭೂಮಿಯ ಸ್ತರಭಂಗ ಎರಡಾಗಿ ಕತ್ತರಿಸಿ ಅರ್ಧವನ್ನು ದೂರಕ್ಕೆ ಸರಿಸಿಬಿಟ್ಟಿತ್ತು. 1960 ರ ದಶಕದಲ್ಲಿ ಲೊವೆಲ್ ಎಂಬ ಭೂವಿಜ್ಞಾನಿ ಈ ಬಣ್ಣಗಳ ಕ್ರಮವನ್ನೇ ಓದಿ, ಕಾಣೆಯಾದ ಅರ್ಧ ಎಲ್ಲಿರಬೇಕೆಂದು ಲೆಕ್ಕಹಾಕಿ, ಅಲ್ಲೇ ಕೊರೆಸಿ ಕಂಡುಹಿಡಿದ. ಗಿಲ್ಬರ್ಟ್ ಎಂಬವನೊಡನೆ ಸೇರಿ 1970 ರಲ್ಲಿ ಅವನು ಪ್ರಕಟಿಸಿದ ನಕ್ಷೆ ಇಂದಿಗೂ ಪಠ್ಯದಲ್ಲಿದೆ.

ಈ ಓದಿಗೆ ಸಾಧನವೂ ಒದಗಿದೆ. 1951 ರಲ್ಲಿ ಫ್ರಾನ್ಸಿನ ಕಾಸ್ಟೇಂಗ್ ತನ್ನ ಪ್ರಬಂಧದಲ್ಲಿ ವಿವರಿಸಿದ ಯಂತ್ರ, ಎಲೆಕ್ಟ್ರಾನುಗಳ ಸೂಜಿಮೊನೆಯಂಥ ಕಿರಣವನ್ನು ಖನಿಜದ ಕಣಕ್ಕೆ ತಾಗಿಸಿ ಅದರಲ್ಲಿ ಯಾವ ಧಾತು ಎಷ್ಟಿದೆಯೆಂದು ಹೇಳುತ್ತದೆ. ಕಾಗೆಬಂಗಾರದ ಒಂದು ಚೂರಿನ ರಾಸಾಯನಿಕ ಲೆಕ್ಕದಿಂದ ಹಿಂದೆ ಅಲ್ಲಿ ಹರಿದ ನೀರಿನ ಗುಣವನ್ನು ಊಹಿಸಬಹುದು. ಬಿಸಿಯಾಗಿದ್ದಾಗ ಬೋರ್ನೈಟ್ ಎಂಬ ತಾಮ್ರದ ಖನಿಜ ಚಿನ್ನವನ್ನು ತನ್ನೊಳಗೆ ಅಡಗಿಸಿಟ್ಟುಕೊಂಡು, ಆರಿದಾಗ ಪಾಕ ಸಕ್ಕರೆಯ ಹರಳನ್ನು ಬಿಡುವಂತೆ ಬಿಟ್ಟುಕೊಡುತ್ತದೆಂಬುದೂ ತಿಳಿದುಬಂದಿದೆ.

ನಮ್ಮ ಕರ್ನಾಟಕದಲ್ಲಿ ಇಂಥ ಅದಿರು ಏಕಿಲ್ಲ? ಮೇಲ್ಪದರದಲ್ಲಿ ಹುಟ್ಟುವ ಇದು ಮಳೆಗಾಳಿಗೆ ಬೇಗ ಸವೆದುಹೋಗುತ್ತದೆ. ಆದ್ದರಿಂದ ಹಳೆಯ ನಾಡುಗಳಲ್ಲಿ ಅಪರೂಪ. ನಮ್ಮ ನೆಲವೋ ಬಹಳ ಹಳೆಯದು; ಕೋಲಾರದ ಚಿನ್ನಕ್ಕೇ ಸುಮಾರು 250 ಕೋಟಿ ವರ್ಷ. ಆದರೆ ಮಧ್ಯಪ್ರದೇಶದ ಮಲಾಜ್‌ಖಂಡದಲ್ಲಿ ಹೆಚ್ಚುಕಡಿಮೆ ಅಷ್ಟೇ ವಯಸ್ಸಿನ ತಾಮ್ರದ ಅದಿರಿದೆ. ಅದು ಪಾರ್ಫಿರಿಯ ಜಾತಿಗೆ ಸೇರಿದ್ದೇ ಎಂದು ವಿದ್ವಾಂಸರು ವಾದಿಸುತ್ತಲೇ ಇದ್ದಾರೆ. ಆ ಗಣಿಯನ್ನು ನಡೆಸುವ ಹಿಂದೂಸ್ತಾನ್ ಕಾಪರ್ ಸಂಸ್ಥೆಯ ಕೇಂದ್ರ ಕಚೇರಿ ‘ತಾಮ್ರ ಭವನ’ ಇರುವುದೂ ಇದೇ ಊರಿನ ಬಾಲಿಗಂಜಿನಲ್ಲಿ. ಬಂಗಾಳಿಗಳು ಹವಾ ಬದಲಾವಣೆಗೆಂದು ಹೋಗುವ, ವಿಭೂತಿಭೂಷಣರು ಕೊನೆಯುಸಿರೆಳೆದ ಘಾಟಶಿಲೆಯೂ ತಾಮ್ರದ ಊರೇ. ಅದರ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಸುವರ್ಣರೇಖಾ. ಆ ನದಿಯ ಮರಳನ್ನು ತೊಳೆದು ಚಿನ್ನದ ಕಣ ಆಯುವವರಿದ್ದಾರೆಂದು ತಿಳಿದಾಗ ನಮಗೆ ಕಪ್ಪತಗುಡ್ಡದ ಜಾಲಗಾರರು ನೆನಪಾಗದಿರುತ್ತಾರೆಯೇ?

ಮುಂದಿನ ಸಲ ನೆಂಟರೊಡನೆ ಜಾದೂಘರಕ್ಕೆ ಹೋದಾಗ ಕಲ್ಲಿನ ಕೋಣೆಯಲ್ಲಿ ಹತ್ತು ನಿಮಿಷ ನಿಲ್ಲೋಣ. ಇಲ್ಲಿ ಹುಟ್ಟಿ, ಬಂಗಾಳಿಯನ್ನು ನಮಗಿಂತ ಚೆನ್ನಾಗಿ ಆಡುವ ನಮ್ಮ ಮಕ್ಕಳಿಗೆ ಊರೆಂದರೆ ಬೇಸಿಗೆ ರಜೆಯ ನೆನಪು ಮಾತ್ರ. ಅವರಿಗೆ ಬಿಳಿಯ ಬೆಣಚುಕಲ್ಲನ್ನು ತೋರಿಸಿ, ಅದರ ಪಕ್ಕದ ಹಸಿರು ಕಲ್ಲನ್ನೂ ತೋರಿಸೋಣ. ಧಾರವಾಡವೆಂಬ ಹೆಸರು ಕಣ್ಣಿಗೆ ಬಿದ್ದರೆ ಗಟ್ಟಿಯಾಗಿ ಓದಿಸೋಣ. ಹಳ್ಳದ ನೀರಿನಲ್ಲಿ ನಿಂತು ಮರಿಗೆ ಅಲುಗಿಸಿದವರನ್ನೂ, ದೂಳು ಕುಡಿದು ಕೆಮ್ಮಿದವರನ್ನೂ ಮರೆಯದೆ ಹೇಳೋಣ. ಊರಿನ ಕಲ್ಲು ನಮಗಿಂತ ಮೊದಲೇ ಕಲ್ಕತ್ತೆಗೆ ಬಂದು ಕಾಯುತ್ತಿದೆ. ಅದನ್ನು ಮಾತನಾಡಿಸದೆ ದಾಟಿಹೋಗುವುದು ನೆಂಟಸ್ತಿಕೆಗೆ ಒಪ್ಪುವಂಥದಲ್ಲ.