ಕೂಡಿಸದೆ ಬಿಟ್ಟ ಲೆಕ್ಕ

ನಮ್ಮ ಮೊದಲ ಮಗು ಹುಟ್ಟಿದಾಗ ಬಾಣಂತನಕ್ಕೆಂದು ಅವ್ವ ಧಾರವಾಡದಿಂದ ಬ್ರಿಸ್ಟಲ್ಲಿಗೆ ಬಂದಿದ್ದಳು. ಅವಳ ಸೂಟ್‌ಕೇಸಿನಲ್ಲಿ ಅಂಟಿನ ಉಂಡಿ, ಬಜೆ, ಹಳೆಯ ಸೀರೆಗಳಿಂದ ಹೊಲಿದ ಪುಟ್ಟ ಕೌದಿ ಇದ್ದವು. ಜೊತೆಗೆ ಅಂಗೈಯಗಲದ ಒಂದು ಸಾಸಿವೆ ದಿಂಬು. ಹೆರಿಗೆಯಾದ ಮನೆಗಳಿಗೆ ಬಂದು ತಾಯಿ-ಮಗುವನ್ನು ನೋಡಿಹೋಗುವ ಸರ್ಕಾರಿ ದಾದಿಯೊಬ್ಬರು ಇಲ್ಲಿರುತ್ತಾರೆ. ಹೆಲ್ತ್ ವಿಸಿಟರ್ ಎನ್ನುತ್ತಾರೆ. ಅವರು ಬಂದವರೇ ಮಗು ಮಲಗಿದ್ದ ಜಾಗ ನೋಡಿದರು. "ಅಂಗಾತ ಮಲಗಿಸಿದ್ದೀರಿ, ಅದು ಸರಿ. ಆ ದಿಂಬು, ಆ ಹೊದಿಕೆ ಎರಡೂ ಬೇಡ" ಎಂದರು. ನಾನು ಕನ್ನಡದಲ್ಲಿ ಹೇಳಿದೆ. "ದಿಂಬಿಲ್ದ ತಲಿ ದುಂಡಗ ಹ್ಯಾಂಗ ಆಗ್ತದೋ?" ಎಂದು ಅವ್ವ ಕೇಳಿದಳು. ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ಆ ದಾದಿ ನಗಲಿಲ್ಲ. "ಈ ಚಿಂತೆ ನಮಗೂ ಇತ್ತು. ಅದೂ ಒಂದು ಕಾರಣವಾಗಿ ನಾವು ಮಕ್ಕಳನ್ನು ಬೋರಲು ಮಲಗಿಸಿದೆವು. ಅದು ಒಳ್ಳೆಯದಾಗಲಿಲ್ಲ" ಎಂದರು.

ಅದೇ ವಾರ ಪಕ್ಕದ ಮನೆಯ ಹಿರಿಯಾಕೆ ತಾವೇ ಹೆಣೆದ ಟೋಪಿ ಹಿಡಿದು ಮಗುವನ್ನು ನೋಡಲು ಬಂದರು. ತೊಟ್ಟಿಲಲ್ಲಿ ಇಣುಕಿ, ಬಹಳ ಹೊತ್ತು ಸುಮ್ಮನೆ ನಿಂತರು. 1980ರ ದಶಕದಲ್ಲಿ ಅವರ ಎರಡನೆಯ ಮಗು ಮೂರು ತಿಂಗಳಿನದಿದ್ದಾಗ ಒಂದು ಬೆಳಗ್ಗೆ ಏಳಲೇ ಇಲ್ಲವಂತೆ. "ಹೇಗೆ ಮಲಗಿಸಬೇಕೆಂದು ಹೇಳಿದ್ದರೋ ಹಾಗೇ ಮಲಗಿಸಿದ್ದೆ" ಎಂದರು.

ಲೆಕ್ಕಪತ್ರ ನೋಡುವುದೇ ನನ್ನ ಕಸುಬು. ತಪ್ಪು ಎಲ್ಲಿ ನುಸುಳಿತು, ಯಾವಾಗ ಕಣ್ಣಿಗೆ ಬೀಳಬಹುದಿತ್ತು ಎಂದು ಹುಡುಕುವ ಚಟ ಬಿಡುವುದಿಲ್ಲ. ಆಕೆಯ ಆ ಒಂದು ಮಾತಿನ ಹಿಂದಿನ ಚರಿತ್ರೆಯನ್ನು ಓದತೊಡಗಿದೆ.

ರಾತ್ರಿ ಚೆನ್ನಾಗಿಯೇ ಮಲಗಿದ ಕೂಸು ಬೆಳಗಾಗುವಷ್ಟರಲ್ಲಿ ಇಲ್ಲವಾಗುವ ದುಃಖ ಬಹಳ ಹಳೆಯದು. ಬೈಬಲ್ಲಿನಲ್ಲಿ ಸೊಲೊಮೋನ ರಾಜನ ಪ್ರಸಿದ್ಧ ತೀರ್ಪಿನ ಕಥೆ ಶುರುವಾಗುವುದೇ ಅಲ್ಲಿಂದ. ನಿದ್ದೆಯಲ್ಲಿ ತಾಯಿ ಮೇಲೆ ಹೊರಳಿದ್ದರಿಂದ ಒಂದು ಮಗು ಸತ್ತಿರುತ್ತದೆ, ಬದುಕಿದ ಇನ್ನೊಂದಕ್ಕಾಗಿ ಇಬ್ಬರು ಹೆಂಗಸರು ಜಗಳವಾಡುತ್ತಾರೆ. ಇಟಲಿಯ ಫ್ಲಾರೆನ್ಸಿನಲ್ಲಿ ಈ ಭಯಕ್ಕೆ ಒಂದು ಸಾಧನವನ್ನೇ ಮಾಡಿದ್ದರು. ಹಾಸಿಗೆಯ ಮೇಲೆ ಮಗುವಿನ ಸುತ್ತ ಇಡುವ, ಕಮಾನುಗಳಿದ್ದ ಕಟ್ಟಿಗೆಯ ಚೌಕಟ್ಟು ಅದು, ಹೆಸರು ಆರ್ಕುಚ್ಚೊ. ಹಾಲೂಡಿಸುವ ದಾದಿ ಹೊರಳಿದರೂ ಭಾರ ಮಗುವಿನ ಮೇಲೆ ಬೀಳುತ್ತಿರಲಿಲ್ಲ. 1730ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆ ಇದರ ವರ್ಣನೆಯನ್ನು ಅಚ್ಚುಹಾಕಿತು.

1892ರಲ್ಲಿ ಸ್ಕಾಟ್ಲೆಂಡಿನ ಡಂಡೀ ನಗರದ ಪೊಲೀಸ್ ವೈದ್ಯ ಚಾರ್ಲ್ಸ್ ಟೆಂಪಲ್‌ಮನ್ ಇಂಥ 258 ಸಾವುಗಳನ್ನು ಪಟ್ಟಿ ಮಾಡಿದ. ಶನಿವಾರ ರಾತ್ರಿಗಳಲ್ಲೇ ಸಾವು ಹೆಚ್ಚೆಂದು ತೋರಿಸಿದ. ಕಾರ್ಖಾನೆಯ ವಾರದ ಕೂಲಿ ಕೈಗೆ ಬಂದ ರಾತ್ರಿ ಅದು. ಅಜ್ಞಾನ, ಕುಡಿತ, ಇಕ್ಕಟ್ಟಾದ ಮನೆ ಇವೇ ಕಾರಣವೆಂದು ಬರೆದ. ಕುಡಿದು ಮಲಗಿದವರ ಪಕ್ಕದಲ್ಲಿ ಮಗು ಉಸಿರುಗಟ್ಟಿ ಸತ್ತರೆ ಅದು ಅಪರಾಧವೆಂದು 1908ರಲ್ಲಿ ಬ್ರಿಟನ್ನಿನಲ್ಲಿ ಕಾನೂನೇ ಬಂತು. ಅಂದರೆ ಅಷ್ಟು ಕಾಲವೂ ಎಲ್ಲರ ಕಣ್ಣು ಇದ್ದದ್ದು ತಾಯಿಯ ಮೇಲೆ. ಮಗುವಿಗೆ ಬೇರೆ ತೊಟ್ಟಿಲು ಕೊಟ್ಟರೆ ಮುಗಿಯಿತು ಎಂದುಕೊಂಡರು. ಕೊಟ್ಟರು. ಆದರೆ ತೊಟ್ಟಿಲಲ್ಲಿ ಒಂಟಿಯಾಗಿ ಮಲಗಿದ ಮಕ್ಕಳೂ ಸಾಯುತ್ತಲೇ ಇದ್ದರು. ಅದಕ್ಕೆ ಇಂಗ್ಲಿಷಿನಲ್ಲಿ 'ಕಾಟ್ ಡೆತ್' ಎಂಬ ಹೆಸರು ಬಂತು. ಅದು ತೊಟ್ಟಿಲ ಸಾವು.

ಮೊದಲ ಸುಳಿವು ಸಿಕ್ಕಿದ್ದು ನ್ಯೂಯಾರ್ಕಿನಲ್ಲಿ. ಹೆರಾಲ್ಡ್ ಏಬ್ರಮ್‌ಸನ್ ಎಂಬ ವೈದ್ಯರು ಅಲ್ಲಿ ಉಸಿರುಗಟ್ಟಿ ಸತ್ತವೆಂದು ದಾಖಲಾದ 139 ಮಕ್ಕಳ ವಿವರವನ್ನು 1944ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ಬೋರಲು ಮಲಗಿದ್ದವು. ಮರುವರ್ಷವೇ ಇನ್ನೊಬ್ಬ ವೈದ್ಯರು, ಬೋರಲಾಗಿ ಹೊದಿಕೆಯಡಿ ಮಲಗಿದರೂ ಮಗು ಉಸಿರಾಡಬಲ್ಲದು ಎಂದು ಪ್ರಯೋಗ ಮಾಡಿ ತೋರಿಸಿದರು. ಏಬ್ರಮ್‌ಸನ್ನರ ಪಟ್ಟಿ ಕಪಾಟು ಸೇರಿತು.

ಬೆಂಜಮಿನ್ ಸ್ಪಾಕ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಶಿಶುಪಾಲನೆಯ ಬಗ್ಗೆ ಬರೆದ ಪುಸ್ತಕ ಮೊದಲು ಬಂದದ್ದು 1946ರಲ್ಲಿ. ಅದು ಕೋಟಿಗಟ್ಟಲೆ ಮಾರಾಟವಾಯಿತು. ಮೊದಮೊದಲ ಮುದ್ರಣಗಳಲ್ಲಿ ಅಂಗಾತ ಮಲಗಿಸುವ ಸಲಹೆಯಿತ್ತು. 1950ರ ದಶಕದ ನಡುವಿನಲ್ಲಿ ಅದು ಬೋರಲಿಗೆ ಬದಲಾಯಿತು. ಎರಡು ಕಾರಣ ಕೊಟ್ಟಿದ್ದರು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಗಂಟಲು ಕಟ್ಟೀತು ಎಂಬುದು ಒಂದು. ಒಂದೇ ಕಡೆಗೆ ತಲೆ ವಾಲಿಸಿ ಅಲ್ಲಿ ಚಪ್ಪಟೆಯಾದೀತು ಎಂಬುದು ಇನ್ನೊಂದು. ನನ್ನ ಅವ್ವನ ಚಿಂತೆಯೇ! ಅವ್ವ ಅದಕ್ಕೆ ಸಾಸಿವೆ ದಿಂಬು ಹೊಲಿದಳು, ಸ್ಪಾಕ್ ಮಗುವನ್ನೇ ಮಗುಚಿದರು.

ವಾಂತಿಯ ಮಾತು ಕೇಳಲು ಸರಿಯಾಗಿತ್ತು, ನಿಜದಲ್ಲಿ ತಲೆಕೆಳಗಾಗಿತ್ತು. ಮಗು ಅಂಗಾತ ಮಲಗಿದಾಗ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಶ್ವಾಸನಾಳಕ್ಕೆ ಹೋಗಬೇಕಾದರೆ ಮೇಲಕ್ಕೆ ಏರಬೇಕು. ಬೋರಲಾದಾಗ ಸುಮ್ಮನೆ ಇಳಿದರೆ ಸಾಕು. ಇದೇ ಕಾಲದಲ್ಲಿ ಆಸ್ಪತ್ರೆಗಳಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳು ಬೋರಲಾಗಿದ್ದಾಗ ಸಲೀಸಾಗಿ ಉಸಿರಾಡುವುದನ್ನು ವೈದ್ಯರು ಗಮನಿಸಿದರು. ಅದು ನಿಜವೇ. ಆದರೆ ಆ ಮಕ್ಕಳನ್ನು ಹಗಲೂ ರಾತ್ರಿ ಕಾಯುವವರಿದ್ದರು. ಕಾಯುವವರಿಲ್ಲದ ಮನೆಗಳಿಗೂ, ತುಂಬಿ ಹುಟ್ಟಿದ ಮಕ್ಕಳಿಗೂ ಅದೇ ಪದ್ಧತಿ ಹಬ್ಬಿತು.

ತಪ್ಪು ಯಾಕೆ ಕಣ್ಣಿಗೆ ಬೀಳಲಿಲ್ಲ? 1980ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ತೊಟ್ಟಿಲ ಸಾವಿನ ಪ್ರಮಾಣ ಸಾವಿರ ಮಕ್ಕಳಿಗೆ ಸುಮಾರು ಎರಡು. ಬೋರಲು ಮಲಗಿದ ಮಕ್ಕಳಲ್ಲಿ ಬಹುಪಾಲು ಚೆನ್ನಾಗಿಯೇ ಬೆಳೆದವು. ಒಬ್ಬ ವೈದ್ಯರಿಗೆ ಇಂಥ ಸಾವು ಎದುರಾಗುವುದು ಹಲವು ವರ್ಷಕ್ಕೊಮ್ಮೆ. ಒಂದೊಂದು ಅಂಗಡಿಯ ಪುಸ್ತಕದಲ್ಲೂ ಒಂದೆರಡು ರೂಪಾಯಿ ಕಡಿಮೆ ಬಂದರೆ ಯಾರೂ ಅನುಮಾನಿಸುವುದಿಲ್ಲ. ಎಲ್ಲ ಅಂಗಡಿಗಳ ಪುಸ್ತಕ ಒಟ್ಟಿಗೆ ಇಟ್ಟು ಕೂಡಿಸಿದಾಗಲೇ ಕಳ್ಳ ಕಾಣುವುದು.

ಕೂಡಿಸುವುದಕ್ಕೆ ಅಂಕಿಗಳು ಇರಲಿಲ್ಲವೇ? ಇದ್ದವು. 1965ರಲ್ಲಿ ಇಂಗ್ಲೆಂಡಿನಿಂದ ಒಂದು ಅಧ್ಯಯನ, 1970ರಲ್ಲಿ ಉತ್ತರ ಐರ್ಲೆಂಡಿನಿಂದ ಇನ್ನೊಂದು ಬಂದಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿರಲಿಲ್ಲ. 1970ರ ದಶಕದಲ್ಲಿ ನೆದರ್ಲೆಂಡ್ಸ್ ಕೂಡ ಬೋರಲಿನ ಸಲಹೆ ಹಿಡಿಯಿತು, ಅಲ್ಲಿ ತೊಟ್ಟಿಲ ಸಾವು ಏರುತ್ತ ಹೋಯಿತು. 1985ರಲ್ಲಿ ಡೇವಿಸ್ ಎಂಬ ವೈದ್ಯರು, ಹಾಂಗ್‌ಕಾಂಗಿನಲ್ಲಿ ಈ ಸಾವು ಅಪರೂಪ, ಅಲ್ಲಿನ ಚೀನೀ ತಾಯಂದಿರು ಮಕ್ಕಳನ್ನು ಅಂಗಾತ ಮಲಗಿಸುತ್ತಾರೆ ಎಂದು ಬರೆದರು. 1987ರಲ್ಲಿ ಡಚ್ ವೈದ್ಯ ಡಿ ಯೋಂಗ ತಮ್ಮ ದೇಶದಲ್ಲಿ ಬೋರಲು ಬೇಡವೆಂದು ಬಹಿರಂಗವಾಗಿ ಹೇಳಿದರು.

ಆಮೇಲಿನ ಅಧ್ಯಾಯ ನಾನಿರುವ ಊರಿನದೇ. ಬ್ರಿಸ್ಟಲ್ ಮತ್ತು ಅದರ ಸುತ್ತಿನ ಏವನ್ ಪ್ರದೇಶದಲ್ಲಿ ಪೀಟರ್ ಫ್ಲೆಮಿಂಗ್ ಮತ್ತು ಸಂಗಡಿಗರು ಹಠಾತ್ತನೆ ತೀರಿಕೊಂಡ 67 ಮಕ್ಕಳ ವಿವರವನ್ನು 134 ಬದುಕಿದ್ದ ಮಕ್ಕಳ ವಿವರದೊಂದಿಗೆ ತಾಳೆ ನೋಡಿದರು. 1990ರಲ್ಲಿ ಫಲಿತಾಂಶ ಬಂತು: ಬೋರಲು ಮಲಗಿದ ಮಕ್ಕಳಿಗೆ ಅಪಾಯ ಎಂಟು ಪಟ್ಟಿಗೂ ಹೆಚ್ಚು. ಅತಿಯಾಗಿ ಹೊದಿಸುವುದೂ ಅಪಾಯವೆಂದು ಕಂಡಿತು. ನ್ಯೂಜಿಲೆಂಡಿನಲ್ಲಿ ನಡೆದ ದೊಡ್ಡ ಅಧ್ಯಯನವೂ ಅದೇ ದಿಕ್ಕಿಗೆ ಬೆರಳು ಮಾಡಿತು. ಟಿವಿ ನಿರೂಪಕಿ ಆ್ಯನ್ ಡೈಮಂಡ್ 1991ರ ಜುಲೈನಲ್ಲಿ ತಮ್ಮ ಮಗ ಸೆಬಾಸ್ಟಿಯನ್‌ನನ್ನು ಹೀಗೇ ಕಳೆದುಕೊಂಡರು. ದುಃಖದಲ್ಲಿ ಕೂತುಬಿಡದೆ ಸರ್ಕಾರದ ಬೆನ್ನು ಹತ್ತಿದರು. ಆ ವರ್ಷದ ಕೊನೆಯಲ್ಲಿ, ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ದೇಶದುದ್ದಕ್ಕೂ ಶುರುವಾಯಿತು. ಒಂದು ವರ್ಷದೊಳಗೆ ಸಾವಿನ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ, ಖರ್ಚಿಲ್ಲ. 1994ರಲ್ಲಿ ಅಮೆರಿಕದಲ್ಲೂ ಇಂಥದ್ದೇ ಪ್ರಚಾರ ಆರಂಭವಾಗಿ, ಅಲ್ಲಿಯೂ ಸಾವು ಇಳಿಯಿತು.

2005ರಲ್ಲಿ ರೂತ್ ಗಿಲ್ಬರ್ಟ್ ಮತ್ತು ಜೊತೆಗಾರರು ಕೊನೆಗೂ ಹಳೆಯ ಪುಸ್ತಕಗಳನ್ನೆಲ್ಲ ತೆರೆದು ಕೂಡಿಸಿದರು. ಅವರ ಲೆಕ್ಕದಲ್ಲಿ, 1970ರಲ್ಲೇ ಕೂಡಿಸಿ ನೋಡಿದ್ದರೆ ಬೋರಲಿನ ಅಪಾಯ ತಿಳಿಯುತ್ತಿತ್ತು. ಬ್ರಿಟನ್ನಿನಲ್ಲಿ 10,000ಕ್ಕೂ ಹೆಚ್ಚು, ಯುರೋಪ್, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲ ಸೇರಿ ಕನಿಷ್ಠ 50,000 ಮಕ್ಕಳು ಉಳಿಯಬಹುದಿತ್ತು. ನನ್ನ ವೃತ್ತಿಯಲ್ಲಿ ಎಷ್ಟೋ ದೊಡ್ಡ ಕೊರತೆಗಳನ್ನು ನೋಡಿದ್ದೇನೆ. ಈ ಎರಡು ಸಂಖ್ಯೆಗಳ ಮುಂದೆ ಮಾತು ಹೊರಡಲಿಲ್ಲ. ಅವುಗಳಲ್ಲಿ ಒಂದು, ಗೋಡೆಯ ಆಚೆಗಿನ ಮನೆಯ ಮಗುವಾಗಿರಬಹುದು.

ಇಲ್ಲಿ ನಮ್ಮವರು ಹೇಳಬಹುದಾದ ಮಾತೊಂದಿದೆ: "ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಗೊತ್ತಿತ್ತು." ಸ್ವಲ್ಪ ನಿಜ. ಕಲಘಟಗಿಯ ಬಣ್ಣದ ತೊಟ್ಟಿಲಲ್ಲೂ ಬಡವರ ಮನೆಯ ಸೀರೆಯ ಜೋಲಿಯಲ್ಲೂ ಮಗು ಮಲಗುವುದು ಅಂಗಾತವೇ, ಅದೂ ದೊಡ್ಡವರ ಕಣ್ಣಳತೆಯಲ್ಲಿ. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದಲ್ಲಿ ಪಾಕಿಸ್ತಾನ ಮೂಲದ ಕುಟುಂಬಗಳಲ್ಲಿ ತೊಟ್ಟಿಲ ಸಾವು ಬಿಳಿಯರ ಕುಟುಂಬಗಳಿಗಿಂತ ನಾಲ್ಕು ಪಟ್ಟು ಕಡಿಮೆಯಿತ್ತು. ಅದೇಕೆಂದು ಹೆಲೆನ್ ಬಾಲ್ ಮತ್ತು ಸಂಗಡಿಗರು ಹುಡುಕಿದಾಗ, ದಕ್ಷಿಣ ಏಷ್ಯಾ ಮೂಲದ ಮನೆಗಳಲ್ಲಿ ಕೂಸು ಒಂಟಿಯಾಗಿ ಮಲಗುವುದು ಕಡಿಮೆ, ತಾಯಂದಿರು ಸಿಗರೇಟು, ಮದ್ಯ ಮುಟ್ಟುವುದೂ ಸೋಫಾದಲ್ಲಿ ಮಗುವಿನೊಂದಿಗೆ ನಿದ್ದೆಹೋಗುವುದೂ ಕಡಿಮೆ ಎಂದು ಕಂಡಿತು. ಆದರೆ ನಮ್ಮ ಪುಸ್ತಕದ ಎಡಬದಿಯನ್ನೂ ನೋಡಬೇಕು. ದಿಂಬು ಅಪಾಯ. ಮೈತುಂಬ ಕೌದಿ, ಬೆಚ್ಚನೆಯ ಕೋಣೆ, ಅಗ್ಗಿಷ್ಟಿಕೆಯ ಹೊಗೆ ಕೂಸಿಗೆ ಒಳ್ಳೆಯದಲ್ಲ. ಜೋಲಿಯಲ್ಲಿ ಮೈ ಬಾಗಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಕಿರಿದಾಗುತ್ತದೆ. ಹಳೆಯದೆಂಬ ಕಾರಣಕ್ಕೆ ಯಾವುದೂ ಸರಿಯಲ್ಲ, ದೊಡ್ಡ ವೈದ್ಯರು ಬರೆದರೆಂಬ ಕಾರಣಕ್ಕೂ ಅಲ್ಲ.

ಇಂದಿನ ಸಲಹೆ ಸರಳವಾಗಿದೆ. ಅಂಗಾತ ಮಲಗಿಸಿ. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿರಲಿ. ಅದರ ಮೇಲೆ ದಿಂಬು, ಗೊಂಬೆ, ಮೆತ್ತೆ ಯಾವುದೂ ಬೇಡ. ಮೊದಲ ಆರು ತಿಂಗಳು ತೊಟ್ಟಿಲು ನಿಮ್ಮ ಕೋಣೆಯಲ್ಲೇ ಇರಲಿ. ಮಗುವಿನ ಹತ್ತಿರ ಹೊಗೆ ಬೇಡ, ಸೋಫಾದಲ್ಲಿ ಮಗುವಿನೊಂದಿಗೆ ನಿದ್ದೆ ಬೇಡವೇ ಬೇಡ. ತಲೆಯ ಆಕಾರದ ಚಿಂತೆಗೆ, ಮಗು ಎಚ್ಚರವಿದ್ದಾಗ ನೀವು ನೋಡುತ್ತಿರುವಂತೆ ಸ್ವಲ್ಪ ಹೊತ್ತು ಬೋರಲು ಬಿಡಿ.

ಅವ್ವ ಎರಡು ದಿನ ಮುನಿಸಿಕೊಂಡಿದ್ದಳು. ಮೂರನೆಯ ದಿನ ದಿಂಬಿನ ಹೊಲಿಗೆ ಬಿಚ್ಚಿ, ಸಾಸಿವೆಯನ್ನು ಒಗ್ಗರಣೆ ಡಬ್ಬಿಗೆ ಸುರಿದಳು. ಕೌದಿಯನ್ನು ನೆಲಕ್ಕೆ ಹಾಸಿ, ಎಚ್ಚರವಿದ್ದ ಮೊಮ್ಮಗಳನ್ನು ಅದರ ಮೇಲೆ ಬೋರಲು ಬಿಟ್ಟು ಎದುರಿಗೆ ಕೂತಳು. ಆಗ ಪಕ್ಕದ ಮನೆಯ ಹಿರಿಯಾಕೆಯೂ ಬಂದು ನೆಲದ ಮೇಲೆಯೇ ಅವಳ ಪಕ್ಕ ಕೂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಗಿಲ್ಬರ್ಟರ ಲೆಕ್ಕವನ್ನು ನಾನು ಆಕೆಗೆ ಹೇಳಿದ್ದು ಬಹಳ ದಿನಗಳ ನಂತರ, ಹೇಳಬೇಕೋ ಬೇಡವೋ ಎಂದು ಅಳುಕುತ್ತಲೇ. ಆಕೆ ಸಂಖ್ಯೆಯನ್ನು ಇನ್ನೊಮ್ಮೆ ಕೇಳಿದರು. ಆಮೇಲೆ, "ಹಾಗಾದರೆ ಅದು ನನ್ನ ತಪ್ಪಲ್ಲ" ಎಂದರು. ಅಷ್ಟು ವರ್ಷ ಆ ಮಾತನ್ನು ಆಕೆಗೆ ಯಾರೂ ಹೇಳಿರಲಿಲ್ಲ.