ಕೊಡಗಿನ ದೇವರಕಾಡುಗಳು ಮತ್ತು ಅವುಗಳ ಸಂರಕ್ಷಣೆ

ಪೀಠಿಕೆ

ಗ್ರಾಮದೇವತೆಯ ಹೆಸರಿನಲ್ಲಿ ಮೀಸಲಿರಿಸಿ, ಕೊಡಲಿ ಹಾಕದೆ ಉಳಿಸಿಕೊಂಡು ಬಂದ ಕಾಡನ್ನು ಕೊಡಗಿನಲ್ಲಿ ದೇವರಕಾಡು ಎಂದು ಕರೆಯಲಾಗುತ್ತದೆ. ಜಿಲ್ಲೆಯಲ್ಲಿ 1,214 ದೇವರಕಾಡುಗಳನ್ನು ಗುರುತಿಸಲಾಗಿದೆ. ಅಯ್ಯಪ್ಪ, ಭಗವತಿ, ಭದ್ರಕಾಳಿ ಮೊದಲಾದವರು ಇಲ್ಲಿನ ಅಧಿದೇವತೆಗಳು. ಅಯ್ಯಪ್ಪನ ಕಾಡುಗಳಲ್ಲಿ ಹರಕೆಯ ಮಣ್ಣಿನ ನಾಯಿಗಳನ್ನು ಕಾಣಬಹುದು. ಕೊಡವರಂತೆಯೇ ಕುರುಬ, ಯರವ ಮುಂತಾದ ಆದಿವಾಸಿ ಸಮುದಾಯಗಳಿಗೂ ಇವು ಪೂಜಾಸ್ಥಾನಗಳಾಗಿವೆ. ದೇವರಪುರದಲ್ಲಿ ಆದಿವಾಸಿಗಳು ಆಚರಿಸುವ ಕುಂಡೆ ಹಬ್ಬ ಇದಕ್ಕೆ ನಿದರ್ಶನವಾಗಿದೆ.

ವಿಸ್ತೀರ್ಣದಲ್ಲಿ ಇಳಿಕೆ

1905ರಲ್ಲಿ 15,506 ಎಕರೆಯಷ್ಟಿದ್ದ ದೇವರಕಾಡುಗಳ ವಿಸ್ತೀರ್ಣವು 1985ರ ವೇಳೆಗೆ 6,299 ಎಕರೆಗೆ ಇಳಿಯಿತು. ಈ ಅವಧಿಯಲ್ಲಿ ಇವು ಕಂದಾಯ ಇಲಾಖೆಯ ಆಡಳಿತದಲ್ಲಿದ್ದು, 1985ರಲ್ಲಿ ಅರಣ್ಯ ಇಲಾಖೆಗೆ ಮರಳಿದವು. ಕಾಫಿ ತೋಟಗಳ ವಿಸ್ತರಣೆ ಹಾಗೂ ಒತ್ತುವರಿ ಇಳಿಕೆಗೆ ಮುಖ್ಯ ಕಾರಣಗಳು. ನಂತರದ ದಶಕಗಳಲ್ಲಿ ಪಟ್ಟಣಗಳ ಬೆಳವಣಿಗೆ, ವಸತಿ ನಿವೇಶನಗಳ ಬೇಡಿಕೆ ಮತ್ತು ರೆಸಾರ್ಟ್‌ಗಳಿಂದ ಭೂಮಿಯ ಬೆಲೆ ಏರಿದ್ದು, ಕಾಡಿನ ಅಂಚಿನ ಮೇಲೆ ಒತ್ತಡ ಹೆಚ್ಚಿದೆ. ಕಾಡನ್ನು ಕಡಿದು ದೇವಾಲಯವನ್ನು ವಿಸ್ತರಿಸುವ ಪ್ರವೃತ್ತಿಯೂ ಕಂಡುಬಂದಿದೆ. ಗುಡಿ ದೊಡ್ಡದಾಗಿ ಕಾಡು ಕಿರಿದಾದಲ್ಲಿ ದೇವರಕಾಡಿನ ಮೂಲ ಉದ್ದೇಶವೇ ಈಡೇರುವುದಿಲ್ಲ.

ಪ್ರಾಮುಖ್ಯತೆ

ಬಹುತೇಕ ದೇವರಕಾಡುಗಳು ಚಿಕ್ಕವು. ಆದರೂ ಕಾಫಿ ತೋಟಗಳ ನಡುವೆ ಉಳಿದಿರುವ ಈ ತುಣುಕುಗಳು ಸ್ಥಳೀಯ ಮರಗಳಿಗೆ ಬೀಜದ ನೆಲೆಯಾಗಿಯೂ ಪಕ್ಷಿಗಳಿಗೆ ಆಶ್ರಯವಾಗಿಯೂ ಇರುತ್ತವೆ. ಒಮ್ಮೆ ಕಡಿದ ಹಳೆಯ ಕಾಡನ್ನು ಸಸಿ ನೆಟ್ಟು ಮೊದಲಿನಂತೆ ಮಾಡುವುದು ಸಾಧ್ಯವಾಗುವುದಿಲ್ಲ.

ಕಾನೂನಿನ ರಕ್ಷಣೆ

• ಅರಣ್ಯ ಸಂರಕ್ಷಣಾ ಕಾಯ್ದೆ, 1980ರ ಅನ್ವಯ ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸಲು ಕೇಂದ್ರ ಸರ್ಕಾರದ ಪೂರ್ವಾನುಮತಿ ಅಗತ್ಯ. 2023ರ ತಿದ್ದುಪಡಿಯಲ್ಲಿ ಈ ಕಾಯ್ದೆಯ ಹೆಸರು ಬದಲಾಗಿದೆ.
• ಕರ್ನಾಟಕ ಅರಣ್ಯ ಕಾಯ್ದೆ, 1963ರಲ್ಲಿ ಅರಣ್ಯ ಒತ್ತುವರಿ ತೆರವಿಗೆ ಅವಕಾಶವಿದೆ.
• ಜೈವಿಕ ವೈವಿಧ್ಯ ಕಾಯ್ದೆ, 2002ರ 37ನೇ ಪ್ರಕರಣದಂತೆ ರಾಜ್ಯ ಸರ್ಕಾರವು ಪಾರಂಪರಿಕ ಜೀವವೈವಿಧ್ಯ ತಾಣಗಳನ್ನು ಘೋಷಿಸಬಹುದು.
• ಅರಣ್ಯ ಹಕ್ಕು ಕಾಯ್ದೆ, 2006ರ 5ನೇ ಪ್ರಕರಣವು ಅರಣ್ಯವನ್ನೂ ಸಾಂಸ್ಕೃತಿಕ ಪರಂಪರೆಯನ್ನೂ ರಕ್ಷಿಸುವ ಅಧಿಕಾರವನ್ನು ಹಕ್ಕುದಾರರಿಗೆ ಹಾಗೂ ಗ್ರಾಮಸಭೆಗೆ ನೀಡಿದೆ.
• ರಾಜಸ್ಥಾನದ ದೇವರಕಾಡುಗಳಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 18ರಂದು ತೀರ್ಪು ನೀಡಿ, ದೇಶದ ಎಲ್ಲ ದೇವರಕಾಡುಗಳಿಗೆ ಅನ್ವಯಿಸುವ ನೀತಿಯೊಂದನ್ನು ರೂಪಿಸುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿದೆ.

ಸಾರ್ವಜನಿಕರ ಗಮನಕ್ಕೆ

ದೇವರಕಾಡಿನ ಅಂಚಿನ ಜಮೀನು ಖರೀದಿಸುವವರು ಸರ್ವೆ ನಕ್ಷೆಯಲ್ಲಿ ಗಡಿಯನ್ನು ಮುಂಚಿತವಾಗಿ ಪರಿಶೀಲಿಸಿಕೊಳ್ಳುವುದು ಸೂಕ್ತ. ಗಡಿಕಲ್ಲು ಕಿತ್ತಿರುವುದು ಅಥವಾ ಮರ ಕಡಿದಿರುವುದು ಕಂಡುಬಂದಲ್ಲಿ ಸಮೀಪದ ವಲಯ ಅರಣ್ಯಾಧಿಕಾರಿಯವರ ಕಚೇರಿಗೆ ತಿಳಿಸಬಹುದಾಗಿದೆ. ತಲೆಮಾರುಗಳಿಂದ ಈ ಕಾಡುಗಳನ್ನು ಕಾಯ್ದದ್ದು ಊರಿನ ಕಟ್ಟುಪಾಡು. ಗ್ರಾಮಸ್ಥರ ಸಹಕಾರವಿಲ್ಲದೆ ಕಾನೂನೊಂದರಿಂದಲೇ ಇವುಗಳನ್ನು ಉಳಿಸಲಾಗದು.