ಬರೀ ಕಾಮಾಲೆ ಅಲ್ಲ: ಲಿವರ್ ಕೈಕೊಟ್ಟಾಗ ದಿನ ಎಣಿಸೋದ್ಯಾಕೆ?

ಬೆಂಗಳೂರಿಂದ ರೈಲಲ್ಲಿ ಪುಣೆಗೆ ಬರೋರಿಗೆ ದೌಂಡ ಗೊತ್ತೇ ಇರುತ್ತೆ. ನಾನಿರೋದು ಇಲ್ಲೇ. ಊರ ಪಕ್ಕದ ಭೀಮಾ ನದಿಯೇ ಮುಂದೆ ಕಲಬುರಗಿ ಕಡೆ ಹರಿಯೋದು. ನದಿ ನೀರು ಕುಡಿಯೋ ಊರುಗಳಿಗೆ ಇವತ್ತಿನ ವಿಷಯ ದೂರದ್ದಲ್ಲ. ವೈದ್ಯಕೀಯ ಪರೀಕ್ಷೆಗೆ ಓದ್ತಿರೋರು ಕೇಳಿದ್ದು: ಅಕ್ಯೂಟ್ ಲಿವರ್ ಫೇಲ್ಯೂರ್. ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಹಾಗಾಗಿ ಇತಿಹಾಸದ ದಾರಿಯಲ್ಲೇ ಹೋಗೋಣ.

1955ರ ಕೊನೆಯಲ್ಲಿ ದೆಹಲಿಯ ಕುಡಿಯೋ ನೀರಿಗೆ ಚರಂಡಿ ನೀರು ಸೇರಿತು. ಸುಮಾರು 29,000 ಜನಕ್ಕೆ ಕಾಮಾಲೆ. ಬಹುಪಾಲು ಜನ ಚೇತರಿಸಿಕೊಂಡರು, ಗರ್ಭಿಣಿಯರಲ್ಲಿ ಮಾತ್ರ ಸಾವು ಹೆಚ್ಚು. ಇದು ಹೆಪಟೈಟಿಸ್ ಎ ಅಂತಲೇ ವರ್ಷಗಟ್ಟಲೆ ನಂಬಿದ್ದರು. 1980ರಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಖುರ್ಷೇದ್ ಪಾವ್ರಿ ಮತ್ತು ಜೊತೆಗಾರರು, ಅಮೆರಿಕದ ಸಂಶೋಧಕರ ಜತೆ, ಜೋಪಾನವಾಗಿಟ್ಟಿದ್ದ ರಕ್ತದ ಮಾದರಿ ಪರೀಕ್ಷಿಸಿ ‘ಎ ಅಲ್ಲ, ಬಿ ಅಲ್ಲ’ ಅಂದರು. ಮುಂದೆ ಅದೇ ಹೆಪಟೈಟಿಸ್ ಇ.

ಹಾಗಾದ್ರೆ ಕಾಮಾಲೆ ಯಾವಾಗ ಲಿವರ್ ಫೇಲ್ಯೂರ್ ಆಗುತ್ತೆ? ಕಣ್ಣಿನ ಹಳದಿ ಎಷ್ಟಿದೆ ಅನ್ನೋದಲ್ಲ. ಮೊದಲು ಲಿವರ್ ಕಾಯಿಲೆ ಇಲ್ಲದವರಲ್ಲಿ ಐಎನ್ಆರ್ 1.5 ಅಥವಾ ಮೇಲೆ ಹೋಗಿ, ಜೊತೆಗೆ ಬುದ್ಧಿ ಮಂಕಾದರೆ ಅದು ಫೇಲ್ಯೂರ್. 1970ರಲ್ಲಿ ಟ್ರೇ ಮತ್ತು ಡೇವಿಡ್ಸನ್ ಇದಕ್ಕೆ 8 ವಾರದ ಗಡಿ ಹಾಕಿದರು. 1993ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಗುಂಪು ಕಾಮಾಲೆಯಿಂದ ಮಂಕುತನದವರೆಗಿನ ದಿನ ಎಣಿಸಿತು: 7 ದಿನದೊಳಗೆ ಹೈಪರ್‌ಅಕ್ಯೂಟ್, 8ರಿಂದ 28 ದಿನ ಅಕ್ಯೂಟ್, 5ರಿಂದ 12 ವಾರ ಸಬ್‌ಅಕ್ಯೂಟ್.

ವಿಚಿತ್ರ ಏನಂದ್ರೆ, ಬೇಗ ಕೆಡೋ ಹೈಪರ್‌ಅಕ್ಯೂಟ್‌ನಲ್ಲಿ ಮೆದುಳು ಊದೋ ಅಪಾಯ ಹೆಚ್ಚಾದರೂ ಕಸಿ ಇಲ್ಲದೆ ಬದುಕೋ ಸಾಧ್ಯತೆ ಜಾಸ್ತಿ. ನಿಧಾನಕ್ಕೆ ಬರೋ ಸಬ್‌ಅಕ್ಯೂಟ್ ನೋಡೋಕೆ ಸಾಧು, ಆದ್ರೆ ಕಸಿ ಸಿಗದಿದ್ದರೆ ಅದೇ ಹೆಚ್ಚು ಕೊಲ್ಲೋದು.

ನಿರ್ವಹಣೆಯಲ್ಲಿ ನೆನಪಿಡೋದು: ಐಸಿಯು, ಪದೇ ಪದೇ ಸಕ್ಕರೆ ಪರೀಕ್ಷೆ, ಎಚ್ಚರ ತಪ್ಪುತ್ತಾ ಬಂದ್ರೆ ಉಸಿರಿನ ದಾರಿ ಕಾಪಾಡೋದು. ಪ್ಯಾರಸಿಟಮಾಲ್ ವಿಷ ಅಂದ್ರೆ ತಕ್ಷಣ ಎನ್-ಅಸಿಟೈಲ್‌ಸಿಸ್ಟೀನ್. ರಕ್ತಸ್ರಾವ ಇಲ್ಲದಿದ್ರೆ ಐಎನ್ಆರ್ ಸರಿಮಾಡೋಕೆ ಅಂತ ಪ್ಲಾಸ್ಮಾ ಕೊಡಬಾರದು, ರೋಗ ಎತ್ತ ಹೋಗ್ತಿದೆ ಅಂತ ಹೇಳೋ ಸುಳಿವೇ ಮಾಯವಾಗುತ್ತೆ. ಕಸಿ ಕೇಂದ್ರಕ್ಕೆ ಮೊದಲೇ ಫೋನ್ ಮಾಡಬೇಕು.

ನಮ್ಮ ಕಡೆ ಕಾಮಾಲೆಗೆ ಸೊಪ್ಪಿನ ಔಷಧಿ ಕುಡಿಸಿ ಕಾಯೋರು ಇನ್ನೂ ಇದ್ದಾರೆ. ಅಮ್ಮನೋ ಅಣ್ಣನೋ ಕಾಮಾಲೆಯಲ್ಲಿ ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ, ಅಡ್ಡಾದಿಡ್ಡಿ ಮಾತು ಶುರುಮಾಡಿದ್ರೆ ಸುಸ್ತು ಅಂತ ಮಲಗಿಸಬೇಡಿ. ಆ ಗಳಿಗೆಯೇ ದೊಡ್ಡಾಸ್ಪತ್ರೆಗೆ ಹೊರಡಿ.